ಶಿಶುವಿನ ಮೌನವೂ ತಂದೆತಾಯಿಗಳ ಭಿನ್ನಮತವೂ



ಗೃಹಸ್ಥ ಜೀವನದಲ್ಲಿ ಸತಿಪತಿಗಳ ನಡುವೆ ಹುಟ್ಟುವ ಭಿನ್ನಾಭಿಪ್ರಾಯಗಳು ಹಲವು. ಹೊಲದ ಬಿತ್ತನೆ, ಮನೆಯ ಖರ್ಚು, ಮಗಳಿಗೆ ವರ ನೋಡುವುದು, ಅಣ್ಣತಮ್ಮಂದಿರ ಪಾಲು, ಇಂಥ ವಿಷಯಗಳಲ್ಲಿ ಗಂಡನೊಂದು ಹೇಳಿದರೆ ಹೆಂಡತಿ ಮತ್ತೊಂದು ಹೇಳುವುದು ಲೋಕರೂಢಿ. ಕಾಲ ಸರಿದಂತೆ ಅವುಗಳಲ್ಲಿ ಬಹುಪಾಲು ತಾವಾಗಿಯೇ ಕರಗಿ ಹೋಗುತ್ತವೆ. ಕರಗದೆ ಉಳಿದರೂ ಇಬ್ಬರೂ ವಯಸ್ಕರಾದುದರಿಂದ ಅದನ್ನು ಹೊತ್ತುಕೊಂಡು ಸಂಸಾರ ಸಾಗಿಸುತ್ತಾರೆ. ಆದರೆ ಒಂದು ಭಿನ್ನಮತ ಮಾತ್ರ ಇವುಗಳ ಸಾಲಿಗೆ ಸೇರತಕ್ಕದ್ದಲ್ಲ. ಎರಡು ವರ್ಷದ ಕೂಸನ್ನು ನೋಡಿ ಒಬ್ಬರು ‘ಇದರಲ್ಲಿ ಏನೋ ವ್ಯತ್ಯಾಸವಿದೆ’ ಎನ್ನುತ್ತಾರೆ. ಮತ್ತೊಬ್ಬರು ‘ಏನೂ ಇಲ್ಲ, ಸುಮ್ಮನಿರು’ ಎನ್ನುತ್ತಾರೆ. ಈ ವಾದ ಮುಗಿಯುವವರೆಗೆ ಕೂಸಿನ ವಯಸ್ಸು ನಿಂತು ಕಾಯುವುದಿಲ್ಲ. ಇಲ್ಲಿ ನಷ್ಟವನ್ನು ಅನುಭವಿಸುವವರು ವಾದ ಮಾಡುವವರಲ್ಲ, ಮಾತೇ ಬಾರದ ಮೂರನೆಯವರು.

ಕಳೆದ ಹತ್ತು ಹನ್ನೆರಡು ವರ್ಷಗಳಿಂದ ಶ್ರೀಮಠಕ್ಕೆ ದರ್ಶನಕ್ಕೆಂದು ಬರುವ ತರುಣ ದಂಪತಿಗಳಲ್ಲಿ ಈ ಚಿಂತೆಯನ್ನು ಹೊತ್ತು ಬಂದವರನ್ನು ನಾವು ಮೇಲಿಂದ ಮೇಲೆ ಕಂಡಿದ್ದೇವೆ. ನಾವು ವೈದ್ಯರಲ್ಲ. ಪಾಠಶಾಲೆಯಲ್ಲಿ ಸಂಸ್ಕೃತವನ್ನೂ ಶಾಸ್ತ್ರವನ್ನೂ ಓದಿ, ಅನಂತರ ಗುರುಗಳ ಅಪ್ಪಣೆಯಂತೆ ಧಾರವಾಡದ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರವನ್ನೂ ಅದರೊಡನೆ ಸ್ವಲ್ಪ ಮನಃಶಾಸ್ತ್ರವನ್ನೂ ಅಭ್ಯಾಸ ಮಾಡಿದವರು. ಮಕ್ಕಳನ್ನು ಹೆತ್ತು ಸಾಕಿದ ಅನುಭವವೂ ನಮಗಿಲ್ಲ. ಆದರೂ ಈ ವಿಷಯವನ್ನು ಕುರಿತು ಬರೆಯಬೇಕೆನಿಸಿದ್ದಕ್ಕೆ ಕಾರಣವಿದೆ. ನಮ್ಮ ಕಡೆಯ ಜನ ಆಸ್ಪತ್ರೆಯ ಬಾಗಿಲಿಗೆ ಹೋಗುವ ಮುನ್ನ ಮಠದ ಬಾಗಿಲಿಗೆ ಬರುತ್ತಾರೆ. ಮೊದಲು ಬಂದ ಸ್ಥಳದಲ್ಲಿ ಸರಿಯಾದ ಮಾತು ಸಿಕ್ಕದೆ ಹೋದರೆ ಮುಂದಿನ ದಾರಿಯೆಲ್ಲ ತಪ್ಪುತ್ತದೆ.

ಆಟಿಸಂ ಎಂಬ ಶಬ್ದವನ್ನು ವಾಚಕರಲ್ಲಿ ಅನೇಕರು ಕೇಳಿರಬಹುದು. ಗ್ರೀಕ್ ಭಾಷೆಯಲ್ಲಿ ‘ಆಟೋಸ್’ ಎಂದರೆ ತಾನು, ಸ್ವಯಂ. ಅದರಿಂದಲೇ ಕನ್ನಡದಲ್ಲಿ ಇದನ್ನು ಸ್ವಲೀನತೆ ಎಂದು ಕರೆಯುವ ರೂಢಿ ಬಂದಿದೆ. ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಎಂಬವರು ೧೯೪೩ರಲ್ಲಿ ಹನ್ನೊಂದು ಮಕ್ಕಳ ವೃತ್ತಾಂತವನ್ನು ಒಂದು ಲೇಖನದಲ್ಲಿ ಪ್ರಕಟಿಸಿದರು. ಮರುವರ್ಷವೇ ವಿಯೆನ್ನಾದಲ್ಲಿ ಹಾನ್ಸ್ ಆಸ್ಪರ್ಗರ್ ಎಂಬ ವೈದ್ಯರು ಇಂಥ ಇನ್ನಷ್ಟು ಮಕ್ಕಳನ್ನು ವರ್ಣಿಸಿದರು. ಮುಂದೆ ಲಂಡನ್ನಿನ ಲೋರ್ನಾ ವಿಂಗ್ ಎಂಬ ಮನೋವೈದ್ಯೆ, ಸ್ವತಃ ಇಂಥ ಮಗಳನ್ನು ಸಾಕಿದ ತಾಯಿ, ಇದು ಒಂದೇ ಅಚ್ಚಿನ ಸ್ಥಿತಿಯಲ್ಲ, ಮಳೆಬಿಲ್ಲಿನ ಬಣ್ಣಗಳಂತೆ ಒಂದರಿಂದೊಂದಕ್ಕೆ ಸರಿಯುವ ವಿಸ್ತಾರವಾದದ್ದೆಂದು ತಿಳಿಸಿಕೊಟ್ಟರು. ಒಂದು ತುದಿಯಲ್ಲಿ ಜೀವಮಾನವಿಡೀ ಮಾತನಾಡದೆ, ಪ್ರತಿಯೊಂದಕ್ಕೂ ಆಸರೆ ಬೇಕಾದವರಿದ್ದಾರೆ. ಇನ್ನೊಂದು ತುದಿಯಲ್ಲಿ ಪದವಿ ಪಡೆದು ಉದ್ಯೋಗ ಮಾಡುತ್ತಲೂ ನಾಲ್ಕು ಜನರ ನಡುವಿನ ಮಾತುಕತೆಯ ಗುಟ್ಟು ಹಿಡಿಯಲಾರದೆ ಬಳಲುವವರಿದ್ದಾರೆ. ಸುಮಾರಾಗಿ ನೂರು ಮಕ್ಕಳಲ್ಲಿ ಒಂದರಷ್ಟು ಇದು ಕಂಡುಬರುತ್ತದೆ. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಹೆಚ್ಚು ಗುರುತಿಸಲ್ಪಡುತ್ತದೆ. ಇದು ಅಂಟುವ ರೋಗವಲ್ಲ, ಹುಚ್ಚಲ್ಲ, ಸಾಕಿದ ರೀತಿಯ ದೋಷವೂ ಅಲ್ಲ. ಮಿದುಳು ಬೆಳೆಯುವ ಬಗೆಯಲ್ಲಿಯೇ ಇರುವ ಒಂದು ಭೇದ.

ಬೆಳುದಿಂಗಳ ರಾತ್ರಿಯಲ್ಲಿ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು, ಅಂಗಳದಲ್ಲಿ ನಿಂತು, ಚಂದಪ್ಪನನ್ನು ತೋರಿಸುತ್ತ ತುತ್ತು ಉಣ್ಣಿಸುವುದು ನಮ್ಮ ತಾಯಂದಿರ ಹಳೆಯ ಪದ್ಧತಿ. ಈ ಸಾಮಾನ್ಯ ನೋಟದಲ್ಲಿ ಶಿಶುವಿನ ಬುದ್ಧಿಯ ಒಂದು ಮಹತ್ತರವಾದ ಕೆಲಸ ಅಡಗಿದೆ. ತಾಯಿ ಬೆರಳು ಮಾಡಿದಾಗ ಕೂಸು ಬೆರಳನ್ನೇ ನೋಡುತ್ತ ಉಳಿಯುವುದಿಲ್ಲ. ಬೆರಳು ತೋರಿದ ಕಡೆಗೆ ಕಣ್ಣು ಹಾಯಿಸಿ ಚಂದ್ರನನ್ನು ಕಾಣುತ್ತದೆ. ಕಂಡು, ಮರಳಿ ತಾಯಿಯ ಮುಖವನ್ನು ನೋಡುತ್ತದೆ. ‘ನೀನು ಕಂಡದ್ದನ್ನು ನಾನೂ ಕಂಡೆ’ ಎಂಬ ಹರ್ಷ ಆ ನೋಟದಲ್ಲಿರುತ್ತದೆ. ಕೆಲವು ದಿನಗಳಲ್ಲಿ ಕೂಸೇ ಬೆರಳು ಮಾಡಿ ಹಕ್ಕಿಯನ್ನೋ ನಾಯಿಯನ್ನೋ ತೋರಿಸತೊಡಗುತ್ತದೆ. ಅದನ್ನು ಕೊಡು ಎಂದಲ್ಲ, ನೋಡು ಎಂದು. ಇದು ಮಾತಿಗಿಂತ ಮೊದಲು ಬರುವಂಥದು. ಮಾತಿನ ಮನೆಗೆ ಇದೇ ಬುನಾದಿ. ಆಟಿಸಂ ಇರುವ ಶಿಶುಗಳಲ್ಲಿ ಮೊಟ್ಟಮೊದಲು ಕುಂಠಿತವಾಗಿ ಕಾಣುವುದು ಈ ಹಂಚಿಕೊಳ್ಳುವ ನೋಟವೇ. ಆದುದರಿಂದ ‘ಮಾತು ಬಂದಿಲ್ಲ’ ಎಂಬುದಕ್ಕಿಂತಲೂ ‘ತಾನಾಗಿ ಏನನ್ನೂ ತೋರಿಸುವುದಿಲ್ಲ, ನಾವು ತೋರಿಸಿದರೂ ಆ ಕಡೆ ನೋಡುವುದಿಲ್ಲ’ ಎಂಬುದಕ್ಕೆ ಹೆಚ್ಚಿನ ಲಕ್ಷ್ಯ ಕೊಡಬೇಕು. ಕೇವಲ ಮಾತು ತಡವಾದ ಕೂಸು ಬಾಯಿಯಿಂದ ಹೇಳಲಾಗದ್ದನ್ನು ಕೈಯಿಂದ, ಕಣ್ಣಿನಿಂದ, ಮುಖಭಾವದಿಂದ ಹೇಳಲು ಹವಣಿಸುತ್ತದೆ. ಇಲ್ಲಿ ಆ ಹವಣಿಕೆಯೇ ವಿರಳ.

ವೈದ್ಯರು ಇದಕ್ಕೆ ಕೆಲವು ಗಡುವುಗಳನ್ನು ಹೇಳುತ್ತಾರೆ. ಒಂದು ವರ್ಷ ತುಂಬುವಷ್ಟರಲ್ಲಿ ಕೂಸು ಬ, ಬ, ಮ, ಮ ಎಂದು ತೊದಲಬೇಕು. ಕೈ ಬೀಸುವುದು, ತೋರಿಸುವುದು ಮೊದಲಾದ ಸನ್ನೆಗಳು ಕಾಣಬೇಕು. ಹೆಸರು ಹಿಡಿದು ಕೂಗಿದರೆ ಹೊರಳಿ ನೋಡಬೇಕು. ಹದಿನಾರು ತಿಂಗಳಿಗೆ ಬಿಡಿ ಶಬ್ದಗಳು ಬರಬೇಕು. ಎರಡು ವರ್ಷಕ್ಕೆ ಎರಡು ಶಬ್ದಗಳನ್ನು ತಾನಾಗಿ ಕೂಡಿಸಿ ಹೇಳಬೇಕು. ಯಾವ ವಯಸ್ಸಿನಲ್ಲಿಯೇ ಆಗಲಿ, ಬಂದ ಮಾತು, ಬಂದ ನಗೆ, ಬಂದ ಸನ್ನೆ ಹಿಂದಕ್ಕೆ ಹೋದರೆ ಅದನ್ನು ಅಲಕ್ಷಿಸಬಾರದು. ಇವುಗಳೊಡನೆ ಬೇರೆ ಕೆಲವು ಲಕ್ಷಣಗಳೂ ಇರುತ್ತವೆ. ಆಟದ ಬಂಡಿಯನ್ನು ಓಡಿಸುವ ಬದಲು ಬೋರಲು ಹಾಕಿ ಗಾಲಿಯನ್ನೇ ತಿರುಗಿಸುತ್ತ ಕೂರುವುದು, ಸಾಮಾನುಗಳನ್ನು ಸಾಲಾಗಿ ಜೋಡಿಸಿ ಯಾರಾದರೂ ಕದಲಿಸಿದರೆ ಅತ್ತು ರಂಪ ಮಾಡುವುದು, ನೀರು ಬೇಕಾದಾಗ ಕೇಳದೆ ದೊಡ್ಡವರ ಕೈಯನ್ನೇ ಒಂದು ಉಪಕರಣವೆಂಬಂತೆ ಹಿಡಿದೆಳೆದು ಕೊಡದ ಮೇಲಿಡುವುದು, ಕೇಳಿದ ಮಾತನ್ನೇ ಮರಳಿ ಹೇಳುವುದು, ತುದಿಗಾಲಿನಲ್ಲಿ ನಡೆಯುವುದು, ಮಿಕ್ಸರಿನ ಸದ್ದಿಗೆ ಕಿವಿ ಮುಚ್ಚಿಕೊಂಡು ಚೀರುವುದು. ಇವುಗಳಲ್ಲಿ ಒಂದೆರಡು ಇದ್ದ ಮಾತ್ರಕ್ಕೆ ಆಟಿಸಂ ಎಂದು ನಿರ್ಧರಿಸಬಾರದು. ಎಷ್ಟೋ ಆರೋಗ್ಯವಂತ ಮಕ್ಕಳಲ್ಲಿಯೂ ಒಂದೊಂದು ಕಂಡು ಮಾಯವಾಗುತ್ತದೆ. ಪರೀಕ್ಷಿಸಲು ಅವು ಕಾರಣ, ತೀರ್ಪು ಕೊಡಲು ಅಲ್ಲ.

ಇನ್ನು ಭಿನ್ನಮತದ ವಿಚಾರ. ಒಂದು ಶ್ರಾವಣ ಸೋಮವಾರ ನಮ್ಮ ಬಳಿಗೆ ಬಂದ ಒಂದು ಒಕ್ಕಲುತನದ ಮನೆತನದ ಮಾತನ್ನು ಇಲ್ಲಿ ಹೇಳುತ್ತೇವೆ. ಗುರುತು ಸಿಕ್ಕಬಾರದೆಂದು ಊರು, ಹೆಸರು ಬಿಟ್ಟಿದ್ದೇವೆ. ಕೂಸಿಗೆ ಆಗ ಎರಡು ವರ್ಷ ಎರಡು ತಿಂಗಳು. ಅಜ್ಜಿ, ತಂದೆ, ತಾಯಿ ಮೂವರೂ ಬಂದಿದ್ದರು. ಕೂಸು ಸಭಾಮಂಟಪದ ಕಂಬವನ್ನು ಸುತ್ತುವರಿದು ಓಡುತ್ತಲೇ ಇತ್ತು. ತಾಯಿ ಮೊದಲು ಬಾಯಿ ತೆರೆದಳು: “ಅಜ್ಜಾರ, ಇವ ನನ್ನ ಮಾರಿ ನೋಡಂಗಿಲ್ರಿ. ಇನ್ನಾ ಅವ್ವಾ ಅಂದಿಲ್ರಿ. ಮೊದಲ ಎರಡು ಮೂರು ಮಾತು ಬರ್ತಿದ್ದು, ಅವೂ ಹ್ವಾದುವ್ರಿ.” ತಂದೆ ನಡುವೆಯೇ ತಡೆದ: “ನಾನೂ ನಾಕು ವರ್ಷ ಮಾತಾಡಿದ್ದಿಲ್ಲಂತ್ರಿ ಅಜ್ಜಾರ. ಈಗ ಮಾತಿಗೆ ಕಡಿಮಿ ಅದೀನೇನ್ರಿ? ಇಕಿ ಮೊಬೈಲ್ ನೋಡಿ ನೋಡಿ ಇಲ್ಲದ್ದು ತಲಿಯಾಗ ಹಾಕ್ಕೊಂಡಾಳ್ರಿ.” ಅಜ್ಜಿಯೂ ಮಗನ ಮಾತನ್ನು ಎತ್ತಿ ಹಿಡಿದಳು. ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಿದ್ದೇವೆ, ದೃಷ್ಟಿ ತೆಗೆಸಿದ್ದೇವೆ, ಮಠದಿಂದ ಒಂದು ತಾಯಿತ ಕಟ್ಟಿದರೆ ಮಾತು ಬಂದೇ ಬರುತ್ತದೆ ಎಂದಳು.

ಪ್ರಸಾದ ತೆಗೆದುಕೊಂಡು ಹೊರಡುವಾಗ ಆ ತಾಯಿ ಒಂದು ಗಳಿಗೆ ಹಿಂದೆ ಉಳಿದು, ತವರಿಗೆ ಹೋಗುವ ನೆವ ಹೇಳಿ ಕೂಸನ್ನು ಆಸ್ಪತ್ರೆಗೆ ಒಯ್ಯಬೇಕೆಂದಿದ್ದೇನೆ, ಇದು ತಪ್ಪೇ ಎಂದು ಕೇಳಿದಳು. ಮರುದಿನ ತಂದೆ ಒಬ್ಬನೇ ಬಂದ. ಅವನ ಬಾಯಿಯಿಂದ ಬೇರೆಯೇ ಸಂಗತಿ ಹೊರಬಿತ್ತು. ಮನೆಯಲ್ಲಿ ಮದುವೆಗೆ ಬಂದ ತಂಗಿ ಇದ್ದಳು; ಸಂಬಂಧದ ಮಾತು ನಡೆದಿತ್ತು. ‘ಅಣ್ಣನ ಕೂಸಿಗೆ ತಲೆ ಸರಿಯಿಲ್ಲವಂತೆ’ ಎಂಬ ಸುದ್ದಿ ಬೀಗರ ಊರಿಗೆ ಮುಟ್ಟಿದರೆ ಗತಿಯೇನು? ಅಂದರೆ ಆತನು ಏನನ್ನೂ ಕಾಣದವನಾಗಿರಲಿಲ್ಲ. ಕಂಡದ್ದನ್ನು ಹೆಸರಿಸಲು ಅಂಜಿದವನಾಗಿದ್ದನು. ಅಂಜಿಕೆ ಅನೇಕ ವೇಳೆ ಧೈರ್ಯದ ಉಡುಪು ತೊಟ್ಟು ಬರುತ್ತದೆ. ಇದನ್ನು ಅರಿಯದೆ ತಾಯಂದಿರು ‘ನಿಮಗೆ ಕೂಸಿನ ಮೇಲೆ ಪ್ರೀತಿಯಿಲ್ಲ’ ಎಂದು ಗಂಡನನ್ನು ದೂರುತ್ತಾರೆ. ತಂದೆಯಾದವನು ಹೆಂಡತಿಯ ಎಚ್ಚರವನ್ನು ಅಪಶಕುನವೆಂದು ಬಗೆಯುತ್ತಾನೆ. ಇಬ್ಬರ ಪ್ರೀತಿಯೂ ನಿಜ. ಇಬ್ಬರೂ ಒಬ್ಬರನ್ನೊಬ್ಬರು ಗಾಯಗೊಳಿಸುವುದೂ ನಿಜ.

ಭಿನ್ನಮತಕ್ಕೆ ಬೇರೆ ಕಾರಣಗಳೂ ಉಂಟು. ತಾಯಿ ದಿನವಿಡೀ ಕೂಸಿನೊಡನಿರುತ್ತಾಳೆ. ತಂದೆ ಸಂಜೆಯ ಒಂದು ತಾಸು. ಆ ಒಂದು ತಾಸಿನಲ್ಲಿ ಅವನು ಕೂಸನ್ನು ಮೇಲಕ್ಕೆ ತೂರಿ ಹಿಡಿದು, ಕಚಗುಳಿಯಿಟ್ಟು ಆಡಿಸುತ್ತಾನೆ. ಕೂಸು ಕಿಲಕಿಲನೆ ನಗುತ್ತದೆ. ಇಷ್ಟು ನಗುವ ಕೂಸಿಗೆ ಏನಾಗಿದೆ ಎಂಬುದು ಅವನ ಪ್ರಶ್ನೆ. ಆಟಿಸಂ ಇರುವ ಮಕ್ಕಳು ನಗುವುದಿಲ್ಲ, ಅಪ್ಪಿಕೊಳ್ಳುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ. ಅನೇಕರು ಮೈಮೇಲಿನ ಆಟವನ್ನು ಬಹಳ ಇಷ್ಟಪಡುತ್ತಾರೆ. ಕೆಲವು ಮಕ್ಕಳು ಎರಡು ಮೂರು ವರ್ಷಕ್ಕೇ ಅಕ್ಷರ, ಅಂಕಿ, ವಾಹನಗಳ ಗುರುತು ಎಲ್ಲವನ್ನೂ ಬಲ್ಲವರಾಗಿರುತ್ತಾರೆ. ‘ನನ್ನ ಮಗ ಜಾಣ’ ಎಂಬ ಹೆಮ್ಮೆ ತಂದೆಯ ಕಣ್ಣಿಗೆ ಪರದೆಯಾಗುತ್ತದೆ. ಜಾಣತನ ಸುಳ್ಳಲ್ಲ, ಆದರೆ ನೂರು ಅಂಕಿ ಬಲ್ಲ ಕೂಸು ಹಸಿವಾದಾಗ ‘ಅವ್ವಾ, ಹಾಲು’ ಎನ್ನಲಾರದಿದ್ದರೆ ಆ ಎರಡನ್ನೂ ಒಟ್ಟಿಗೆ ನೋಡಬೇಕಾಗುತ್ತದೆ. ಮೊದಲನೆಯ ಕೂಸಾದರೆ ಹೋಲಿಸಿ ನೋಡಲು ಬೇರೆ ಮಗುವೂ ಮನೆಯಲ್ಲಿರುವುದಿಲ್ಲ.

ಸದಾ ತಾಯಿಯೇ ಸರಿ, ತಂದೆಯೇ ತಪ್ಪು ಎಂದು ವಾಚಕರು ಭಾವಿಸಬಾರದು. ಪ್ರಾಥಮಿಕ ಶಾಲೆಯ ಶಿಕ್ಷಕರೊಬ್ಬರು ನೂರಾರು ಮಕ್ಕಳನ್ನು ಕಂಡ ಅನುಭವದಿಂದ ತಮ್ಮ ಮಗಳ ನಡೆಯಲ್ಲಿ ವ್ಯತ್ಯಾಸವನ್ನು ಗುರುತಿಸಿದರು. ಅವರ ಪತ್ನಿಯೇ ಒಂದು ವರ್ಷ ಒಪ್ಪಲಿಲ್ಲ. ಶಾಂತ ಸ್ವಭಾವದ ಹೆಣ್ಣುಕೂಸು, ಮೂಲೆಯಲ್ಲಿ ತನ್ನಷ್ಟಕ್ಕೆ ತಾನು ಆಡುತ್ತದೆ, ಇದಕ್ಕಿಂತ ಒಳ್ಳೆಯ ಮಗು ಉಂಟೇ ಎಂಬುದು ಆಕೆಯ ವಾದ. ಮತ್ತೊಂದು ಮನೆಯಲ್ಲಿ ತಾಯಿ ಆಟಿಸಂ ಎಂದು ಹೆದರಿ ನಿದ್ದೆಗೆಟ್ಟಿದ್ದಳು. ಪರೀಕ್ಷಿಸಿದಾಗ ಕೂಸಿಗೆ ಕಿವಿ ಮಂದವಾಗಿದ್ದುದು ತಿಳಿಯಿತು, ಶ್ರವಣಯಂತ್ರ ಹಾಕಿಸಿದ ಮೇಲೆ ಮಾತು ಬರತೊಡಗಿತು. ಇನ್ನೊಂದು ಮನೆಯಲ್ಲಿ ಏನೂ ಇಲ್ಲದೆ ಮಾತು ಮಾತ್ರ ತಡವಾಗಿತ್ತು. ಮೂರು ವರ್ಷದ ಮೇಲೆ ಆ ಹುಡುಗನ ಬಾಯಿ ಮುಚ್ಚಿಸುವುದೇ ಕಷ್ಟವಾಯಿತು. ಆದುದರಿಂದ ಯಾರ ಮಾತು ಗೆದ್ದಿತೆಂಬುದು ಇಲ್ಲಿ ಮುಖ್ಯವಲ್ಲ. ಪರೀಕ್ಷೆ ಮಾಡಿಸಿ ಏನೂ ಇಲ್ಲವೆಂದಾದರೆ ಹೋದದ್ದು ಒಂದೆರಡು ದಿನ, ಬಸ್ಸಿನ ಖರ್ಚು. ಪರೀಕ್ಷೆ ಮಾಡಿಸದೆ ಏನೋ ಇತ್ತೆಂದಾದರೆ ಹೋದದ್ದು ಕೂಸಿನ ಮಿದುಳು ಅತ್ಯಂತ ಬೇಗನೆ ಕಲಿಯುವ ವರ್ಷಗಳು. ಈ ಎರಡು ನಷ್ಟಗಳನ್ನು ತಕ್ಕಡಿಯಲ್ಲಿಟ್ಟು ತೂಗಿ ನೋಡಿರಿ.

ಆ ಒಕ್ಕಲುತನದ ಮನೆಯವರಿಗೆ ನಾವು ತಾಯಿತ ಕಟ್ಟಲಿಲ್ಲ. ಆಶೀರ್ವಾದವನ್ನು ನಿರಾಕರಿಸಲೂ ಇಲ್ಲ. ತಂದೆತಾಯಿಗಳಿಬ್ಬರನ್ನೂ ಕೂಡಿಸಿಕೊಂಡು, ಯಾರ ಅಭಿಪ್ರಾಯವನ್ನೂ ಕೇಳದೆ, ಎರಡು ಇನ್ನೂರು ಪುಟದ ನೋಟುಬುಕ್ಕುಗಳನ್ನು ಮಠದ ಕಚೇರಿಯಿಂದ ತರಿಸಿ ಕೊಟ್ಟೆವು. ಹದಿನೈದು ದಿನ ಇಬ್ಬರೂ ಬೇರೆ ಬೇರೆಯಾಗಿ ಬರೆಯಬೇಕು, ಒಬ್ಬರದನ್ನೊಬ್ಬರು ನೋಡಬಾರದು. ಅಭಿಪ್ರಾಯ ಬರೆಯಬಾರದು, ಕಂಡದ್ದನ್ನು ಮಾತ್ರ ಬರೆಯಬೇಕು. ಎಷ್ಟು ಸಲ ಹೆಸರು ಹಿಡಿದು ಕರೆದಿರಿ, ಎಷ್ಟು ಸಲ ಹೊರಳಿ ನೋಡಿತು. ಏನನ್ನಾದರೂ ಬೆರಳು ಮಾಡಿ ತೋರಿಸಿತೇ. ಬೇಕಾದುದನ್ನು ಹೇಗೆ ಕೇಳಿತು. ಯಾವುದಕ್ಕೆ ನಕ್ಕಿತು, ಯಾವುದಕ್ಕೆ ಅತ್ತಿತು. ಆ ಹದಿನೈದು ದಿನಗಳೊಳಗೆಯೇ ಜಿಲ್ಲಾ ಆಸ್ಪತ್ರೆಯಲ್ಲಿ ಕಿವಿಯ ಪರೀಕ್ಷೆಯೂ ಮುಗಿಯಬೇಕೆಂದು ಹೇಳಿದೆವು. ಕಿವಿಯ ಪರೀಕ್ಷೆಗೆ ಅಜ್ಜಿಯ ತಕರಾರೂ ಇರಲಿಲ್ಲ.

ಈ ನೋಟುಬುಕ್ಕಿನ ಉಪಾಯ ಹೊಳೆದದ್ದಕ್ಕೆ ಒಂದು ಹಿನ್ನೆಲೆಯಿದೆ. ಕ್ಯಾನರ್ ಅವರು ವರ್ಣಿಸಿದ ಹನ್ನೊಂದು ಮಕ್ಕಳಲ್ಲಿ ಮೊದಲನೆಯವನು ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನ ಡೊನಾಲ್ಡ್ ಟ್ರಿಪ್ಲೆಟ್. ಮೂರು ವರ್ಷದವನಿದ್ದಾಗ ವೈದ್ಯರ ಸಲಹೆಯಂತೆ ತಂದೆತಾಯಿಗಳು ಅವನನ್ನು ಮನೆಯಿಂದ ದೂರದ ಒಂದು ಸಂಸ್ಥೆಯಲ್ಲಿ ಬಿಟ್ಟಿದ್ದರು. ಸುಮಾರು ಒಂದು ವರ್ಷದ ಮೇಲೆ ಮರಳಿ ಮನೆಗೆ ಕರೆತಂದರು. ವಕೀಲರಾಗಿದ್ದ ತಂದೆ ೧೯೩೮ರಲ್ಲಿ ಕ್ಯಾನರ್ ಅವರಿಗೆ ಮಗನ ನಡೆನುಡಿಯನ್ನು ವಿವರಿಸಿ ಮೂವತ್ತಮೂರು ಪುಟಗಳ ಪತ್ರವನ್ನು ಕಳುಹಿಸಿದರು. ಒಬ್ಬ ತಂದೆ ಮಗನನ್ನು ತಾಳ್ಮೆಯಿಂದ ನೋಡಿ, ಕಂಡದ್ದನ್ನು ಕಂಡಂತೆ ಬರೆದ ಆ ಪುಟಗಳು ಮುಂದೆ ಒಂದು ಶಾಸ್ತ್ರಕ್ಕೇ ಆರಂಭವಾದವು. ಡೊನಾಲ್ಡ್ ಪದವೀಧರನಾಗಿ, ತನ್ನ ಊರಿನ ಬ್ಯಾಂಕಿನಲ್ಲಿ ಕೆಲಸ ಮಾಡಿ, ಕಾರು ನಡೆಸಿ, ದೇಶ ಸುತ್ತಿ, ಊರವರ ಮಮತೆಯ ನಡುವೆ ಬಾಳಿ ೨೦೨೩ರಲ್ಲಿ ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಎಲ್ಲ ಮಕ್ಕಳೂ ಹೀಗೆಯೇ ಆಗುತ್ತಾರೆಂದು ಇದರ ಅರ್ಥವಲ್ಲ. ಹೆಸರಿಟ್ಟ ಕೂಡಲೇ ಬದುಕು ಮುಗಿಯುವುದಿಲ್ಲ ಎಂಬುದಷ್ಟೇ ಇದರ ಅರ್ಥ.

ಹದಿನೈದು ದಿನಗಳ ತರುವಾಯ ದಂಪತಿಗಳು ಬಂದರು. ಕಿವಿ ಸರಿಯಾಗಿತ್ತು. ತಂದೆಯ ನೋಟುಬುಕ್ಕನ್ನು ತೆರೆದೆವು. ಮೊದಲ ದಿನದ ಸಾಲು: ಇಪ್ಪತ್ತು ಸಲ ಕರೆದೆ, ಎರಡು ಸಲ ನೋಡಿದ. ಮರುದಿನ: ಇಪ್ಪತ್ತಕ್ಕೆ ಒಂದು. ಹೀಗೆ ಹದಿನೈದು ದಿನ. ಅದರ ಕೆಳಗೆ ಏನನ್ನೂ ಬರೆದಿರಲಿಲ್ಲ. “ಕರ್ಯೂದೇನ ದಿನಾ ಕರೀತಿದ್ನಿರೀ ಅಜ್ಜಾರ, ಎಣಿಸಿದ್ದಿಲ್ಲ” ಎಂದಷ್ಟೇ ಹೇಳಿ ಆತ ತಲೆ ತಗ್ಗಿಸಿದ. ತಾಯಿಯ ನೋಟುಬುಕ್ಕಿನಲ್ಲಿಯೂ ಹೊಸ ಸಂಗತಿಯಿತ್ತು. ಕೊರತೆಗಳನ್ನೇ ನೋಡುತ್ತಿದ್ದ ಆಕೆ ಬರೆಯಲು ಕುಳಿತಾಗ, ಸಂಜೆ ದನಕರು ಮನೆಗೆ ಬರುವ ಹೊತ್ತಿಗೆ ಕೂಸು ತಾನಾಗಿ ಹೋಗಿ ಅಜ್ಜನ ಕೈಹಿಡಿದು ಕೊಟ್ಟಿಗೆಗೆ ಎಳೆಯುತ್ತದೆಂಬುದನ್ನು, ಕರುವಿನ ಮೈ ಮುಟ್ಟಿದಾಗ ಅಜ್ಜನ ಮುಖ ನೋಡಿ ನಗುತ್ತದೆಂಬುದನ್ನು ಮೊದಲ ಸಲ ಗಮನಿಸಿದ್ದಳು. ಇಬ್ಬರೂ ಪುಸ್ತಕ ಬದಲಾಯಿಸಿಕೊಂಡು ಓದಿದರು. ಆ ಹೊತ್ತು ಅವರ ನಡುವೆ ಜಗಳದ ಮಾತು ಬರಲಿಲ್ಲ. ಅವರು ಆಸ್ಪತ್ರೆಗೆ ಒಟ್ಟಿಗೆ ಹೋದರು. ತವರಿನ ನೆವ ಬೇಕಾಗಲಿಲ್ಲ.

ವೈದ್ಯರು ಆಟಿಸಂ ಎಂದೇ ಹೇಳಿದರು. ಮುಂದೆ ಎಲ್ಲವೂ ಸುಗಮವಾಯಿತೆಂದು ಬರೆದರೆ ಅದು ಪುರಾಣವಾದೀತು. ಆ ತಂದೆ ನಾಲ್ಕು ತಿಂಗಳು ಮಠದ ಕಡೆ ಮುಖ ಹಾಕಲಿಲ್ಲ. ತಂಗಿಯ ಒಂದು ಸಂಬಂಧ ತಪ್ಪಿಯೂ ಹೋಯಿತು. ಬೇರೊಂದು ಮನೆತನದವರಿಗೆ ಮೊದಲೇ ಎಲ್ಲವನ್ನೂ ತಿಳಿಸಿ, ಅವರು ಒಪ್ಪಿದ ಮೇಲೆ ಮದುವೆಯಾಯಿತು. ಹುಡುಗನಿಗೆ ಈಗ ಆರು ವರ್ಷ. ಮಾತು ಕಡಿಮೆ. ಬೇಕಾದುದನ್ನು ಚಿತ್ರದ ಹಲಗೆ ತೋರಿಸಿ ಕೇಳುತ್ತಾನೆ. ಕೇಳಲು ಬಂದಂದಿನಿಂದ ಚೀರಾಟ ಕಡಿಮೆಯಾಗಿದೆ. ಆ ಚಿತ್ರಗಳನ್ನು ಬರೆದುಕೊಡುವವನು ತಂದೆಯೇ.

ಈ ವಿಷಯದಲ್ಲಿ ನಮ್ಮ ಮನಸ್ಸು ಇಷ್ಟು ತೊಡಗುವುದಕ್ಕೆ ಬಾಲ್ಯದ ಒಂದು ನೆನಪೂ ಕಾರಣ. ನಾವು ಮಠಕ್ಕೆ ಬರುವ ಮುನ್ನ ನಮ್ಮ ಪೂರ್ವಾಶ್ರಮದ ಓಣಿಯಲ್ಲಿ ನಮ್ಮ ಸಮವಯಸ್ಕನಾದ ಹುಡುಗನೊಬ್ಬನಿದ್ದ. ಯಾರೊಡನೆಯೂ ಮಾತನಾಡುತ್ತಿರಲಿಲ್ಲ; ಬಾವಿಯ ರಾಟೆ ತಿರುಗುವುದನ್ನು ಬೆಳಗಿನಿಂದ ಬೈಗಿನವರೆಗೆ ನೋಡುತ್ತ ಕೂರುತ್ತಿದ್ದ. ಅವನ ಸ್ಥಿತಿಗೆ ಯಾವ ಹೆಸರು ಸಲ್ಲುತ್ತದೆಂದು ಇಷ್ಟು ದೂರದಿಂದ ಹೇಳುವುದು ಉಚಿತವಲ್ಲ. ಆದರೆ ಅವನ ತಾಯಿಗೆ ಊರು ಇಟ್ಟ ಹೆಸರುಗಳು ನಮಗೆ ನೆನಪಿವೆ. ಬಸುರಿಯಿದ್ದಾಗ ಗ್ರಹಣ ನೋಡಿದವಳು, ಹಿಂದಿನ ಜನ್ಮದ ಪಾಪ ಹೊತ್ತವಳು, ಕೂಸಿಗೆ ಸರಿಯಾಗಿ ಹಾಲೂಡದವಳು. ಆಕೆ ಮದುವೆ ಮುಂಜಿಗೆ ಹೋಗುವುದನ್ನು ಬಿಟ್ಟಳು. ಕೊನೆಗೆ ನೀರಿಗೆ ಹೋಗುವುದನ್ನೂ ನಸುಕಿನಲ್ಲಿ, ಬೇರೆ ಯಾರೂ ಬಾರದ ಹೊತ್ತಿಗೆ ಇಟ್ಟುಕೊಂಡಳು. ಕಾಯಿಲೆ ಮಗನಿಗಿತ್ತೋ ಊರಿಗಿತ್ತೋ ಎಂದು ಈಗಲೂ ನಮಗೆ ಅನ್ನಿಸುತ್ತದೆ.

ತಾಯಿಯನ್ನು ದೂಷಿಸುವ ಈ ಚಾಳಿ ಓದುಬರಹವಿಲ್ಲದ ಹಳ್ಳಿಗರದು ಮಾತ್ರವೆಂದು ತಿಳಿಯಬಾರದು. ಪಾಶ್ಚಾತ್ಯ ದೇಶಗಳಲ್ಲಿ ದೊಡ್ಡ ದೊಡ್ಡ ಪಂಡಿತರೇ ತಾಯಿಯ ಶೀತಲ ಸ್ವಭಾವದಿಂದ ಮಗು ತನ್ನೊಳಗೆ ಮುದುಡಿಕೊಳ್ಳುತ್ತದೆಂದು ಎರಡು ದಶಕಗಳಿಗೂ ಮೀರಿ ಬೋಧಿಸಿದರು. ಅಂಥ ತಾಯಂದಿರಿಗೆ ಮಂಜುಗಡ್ಡೆಯ ಪೆಟ್ಟಿಗೆಯ ಹೋಲಿಕೆಯನ್ನೂ ಕೊಟ್ಟರು. ಶಿಕಾಗೋದ ಬ್ರೂನೊ ಬೆಟಲ್‌ಹೈಮ್ ೧೯೬೭ರಲ್ಲಿ ಬರೆದ ಪುಸ್ತಕದಿಂದ ಈ ಮತ ಬಹಳ ಪ್ರಚಾರ ಪಡೆಯಿತು. ಇದನ್ನು ಎದುರಿಸಿದವರಲ್ಲಿ ಮೊದಲಿಗರು ಬರ್ನಾರ್ಡ್ ರಿಮ್ಲಾಂಡ್. ಅವರು ಮನಃಶಾಸ್ತ್ರಜ್ಞರು, ಆಟಿಸಂ ಇದ್ದ ಮಗನ ತಂದೆ. ೧೯೬೪ರಷ್ಟು ಮೊದಲೇ ಅವರು ಇದು ಮಿದುಳಿಗೆ ಸಂಬಂಧಿಸಿದ್ದೆಂದು ಗ್ರಂಥ ಬರೆದಿದ್ದರು. ೧೯೭೭ರಲ್ಲಿ ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕೇಲ್ ರಟರ್ ಎಂಬವರು ಇಪ್ಪತ್ತೊಂದು ಅವಳಿ ಜೋಡಿಗಳನ್ನು ಅಭ್ಯಸಿಸಿದರು. ಒಂದೇ ರೂಪದ ಹನ್ನೊಂದು ಜೋಡಿಗಳಲ್ಲಿ ನಾಲ್ಕರಲ್ಲಿ ಇಬ್ಬರಿಗೂ ಆಟಿಸಂ ಇತ್ತು. ಬೇರೆ ಬೇರೆ ರೂಪದ ಹತ್ತು ಜೋಡಿಗಳಲ್ಲಿ ಒಂದರಲ್ಲಿಯೂ ಇಬ್ಬರಿಗೂ ಇರಲಿಲ್ಲ. ವಂಶವಾಹಿಗಳ ಪಾತ್ರ ಇದರಿಂದ ಸ್ಪಷ್ಟವಾಯಿತು. ಇದನ್ನೂ ತಿರುಚಿ ‘ನಿಮ್ಮ ಮನೆತನದಿಂದ ಬಂದದ್ದು’ ಎಂದು ಬೀಗರು ಕಚ್ಚಾಡಬಾರದು. ಹತ್ತಾರು, ನೂರಾರು ಸೂಕ್ಷ್ಮ ಕಾರಣಗಳು ಎರಡೂ ಕಡೆಯಿಂದ ಕೂಡಿ ಬರುತ್ತವೆ, ಕೆಲವು ಹೊಸದಾಗಿ ಕೂಸಿನಲ್ಲಿಯೇ ಮೂಡುತ್ತವೆ. ಲಸಿಕೆಯಿಂದ ಆಟಿಸಂ ಬರುತ್ತದೆಂಬ ಮಾತೂ ಇದೆ. ೧೯೯೮ರಲ್ಲಿ ಹನ್ನೆರಡು ಮಕ್ಕಳನ್ನು ಆಧರಿಸಿ ಹಾಗೆ ಶಂಕೆ ಹುಟ್ಟಿಸಿದ ಲೇಖನವನ್ನು ಅದನ್ನು ಪ್ರಕಟಿಸಿದ ಲ್ಯಾನ್ಸೆಟ್ ಪತ್ರಿಕೆಯೇ ೨೦೧೦ರಲ್ಲಿ ಹಿಂತೆಗೆದುಕೊಂಡಿತು. ಇಂಥ ಹೆದರಿಕೆಯಿಂದ ದಡಾರದ ಲಸಿಕೆ ತಪ್ಪಿಸುವುದು ಕೂಸಿಗೆ ಮಾಡುವ ದ್ರೋಹ.

ಇನ್ನು ಮಾಡತಕ್ಕದ್ದೇನು? ಸಂಶಯ ಬಂದೊಡನೆ ಮೊದಲು ಕಿವಿಯ ಪರೀಕ್ಷೆ. ಅನಂತರ ಮಕ್ಕಳ ವೈದ್ಯರು. ಹದಿನಾರರಿಂದ ಮೂವತ್ತು ತಿಂಗಳ ಮಕ್ಕಳಿಗಾಗಿ ಎಂ-ಚಾಟ್ ಎಂಬ ಇಪ್ಪತ್ತು ಪ್ರಶ್ನೆಗಳ ಒಂದು ಪಟ್ಟಿಯಿದೆ. ತಂದೆತಾಯಿಗಳು ಹೌದು, ಅಲ್ಲ ಎಂದು ಉತ್ತರಿಸಿದರೆ ಮುಂದಿನ ಪರೀಕ್ಷೆ ಬೇಕೇ ಬೇಡವೇ ಎಂಬುದು ತಿಳಿಯುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ೨೦೧೩ರಲ್ಲಿ ಆರಂಭವಾದಂದಿನಿಂದ ಅಂಗನವಾಡಿ ಮತ್ತು ಶಾಲೆಗಳಲ್ಲಿ ಮಕ್ಕಳ ತಪಾಸಣೆ ನಡೆಯುತ್ತದೆ. ಅದರ ಅಂಗವಾಗಿ ಜಿಲ್ಲಾ ಮಟ್ಟದಲ್ಲಿ ಶೀಘ್ರ ಚಿಕಿತ್ಸಾ ಕೇಂದ್ರಗಳಿವೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಇವು ನಮ್ಮ ನಾಡಿನ ಭಾಗ್ಯ. ನುರಿತ ವೈದ್ಯರು ಎರಡು ವರ್ಷದ ಸುಮಾರಿಗೇ ಇದನ್ನು ನಂಬಲರ್ಹವಾಗಿ ಗುರುತಿಸಬಲ್ಲರು. ಒಂದು ವೇಳೆ ಖಚಿತವಾದ ಹೆಸರು ಸಿಕ್ಕಲು ಕಾಲ ಹಿಡಿದರೂ, ಕೂಸಿಗೆ ಮಾತು ಮತ್ತು ಆಟದ ಮೂಲಕ ಕಲಿಸುವುದನ್ನು ಅಂದೇ ಆರಂಭಿಸಬಹುದು, ಹೆಸರಿಗಾಗಿ ಕಾಯಬೇಕಾಗಿಲ್ಲ.

ಇದಕ್ಕೆ ದುಬಾರಿ ಪಟ್ಟಣದ ಚಿಕಿತ್ಸೆಯೊಂದೇ ಗತಿ ಎಂಬ ನಿರಾಶೆಯೂ ಬೇಡ. ನಮ್ಮ ನೆರೆಯ ಗೋವಾದಲ್ಲಿಯೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲಿಯೂ ನಡೆದು ೨೦೧೬ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ತಜ್ಞರಲ್ಲದ, ಆದರೆ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ತಂದೆತಾಯಿಗಳಿಗೆ ಕೂಸಿನೊಡನೆ ಒಡನಾಡುವ ಬಗೆಯನ್ನು ಕಲಿಸಿದರು. ಕೂಸು ನೋಡುತ್ತಿರುವುದನ್ನು ತಾವೂ ನೋಡುವುದು, ಅದರ ಆಟಕ್ಕೆ ತಾವು ಸೇರುವುದು, ಹೇಳಿ ಕಾಯುವುದು. ಇದರಿಂದ ತಂದೆತಾಯಿಗಳು ಕೂಸಿನ ಲಯಕ್ಕೆ ಹೊಂದಿಕೊಂಡರು. ಕೂಸು ತಾನಾಗಿ ಸಂವಹನಕ್ಕೆ ಮುಂದಾಗುವುದು ಹೆಚ್ಚಿತು. ಆದರೆ ಆಟಿಸಂ ಅನ್ನು ಬೇರು ಸಹಿತ ಗುಣಪಡಿಸುವ ಔಷಧಿ ಯಾವುದೂ ಇಲ್ಲ. ನಿದ್ರಾಹೀನತೆ, ಮೂರ್ಛೆ ಮೊದಲಾದ ಜೊತೆಯ ತೊಂದರೆಗಳಿಗೆ ವೈದ್ಯರು ಔಷಧಿ ಕೊಡುವುದುಂಟು. ಸ್ಟೆಮ್ ಸೆಲ್ ಎಂದೂ ವಿಶೇಷ ಆಹಾರವೆಂದೂ ಲಕ್ಷಗಟ್ಟಲೆ ಹಣ ಕೇಳುವವರಿಂದ ದೂರವಿರಿ. ಹೊಲ ಮಾರಿ ಮೋಸಹೋದವರನ್ನು ನಾವು ಬಲ್ಲೆವು. ಮೊಬೈಲಿನಿಂದಲೇ ಆಟಿಸಂ ಬರುತ್ತದೆಂಬುದು ಸಿದ್ಧವಾಗಿಲ್ಲ. ಆದರೂ ಎರಡು ವರ್ಷದೊಳಗಿನ ಕೂಸಿನ ಕೈಗೆ ಅದನ್ನು ಕೊಡದಿರುವುದೇ ಲೇಸು. ಕೂಸಿಗೆ ಬೇಕಾದದ್ದು ಎದುರುತ್ತರ ಕೊಡುವ ಮುಖ.

ಕಾನೂನೂ ಇಂದು ಈ ಮಕ್ಕಳ ಪಕ್ಷದಲ್ಲಿದೆ. ೧೯೯೯ರ ರಾಷ್ಟ್ರೀಯ ನ್ಯಾಸ ಕಾಯಿದೆ ಆಟಿಸಂ ಇರುವವರ ಹಿತಕ್ಕಾಗಿ ಬಂದದ್ದು. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಗುರುತಿಸಿದ ಇಪ್ಪತ್ತೊಂದು ವೈಕಲ್ಯಗಳಲ್ಲಿ ಇದೂ ಒಂದು. ಪ್ರಮಾಣಪತ್ರ ಪಡೆದರೆ ಮಗುವಿಗೆ ಕಳಂಕವೆಂದು ಹಿಂಜರಿಯುವವರಿದ್ದಾರೆ. ಪತ್ರ ಕಳಂಕವನ್ನು ತರುವುದಿಲ್ಲ, ಸೌಲಭ್ಯವನ್ನು ತರುತ್ತದೆ.

ಶ್ರೀಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿ ಇಂದು ಶಿಕ್ಷಕರೋ, ವೈದ್ಯರೋ, ಅಧಿಕಾರಿಗಳೋ ಆಗಿರುವ ಹಳೆಯ ವಿದ್ಯಾರ್ಥಿಗಳಿಗೆ ನಮ್ಮದೊಂದು ಸೂಚನೆ. ನಿಮ್ಮ ಓಣಿಯಲ್ಲಿ, ನಿಮ್ಮ ಬಂಧುಗಳಲ್ಲಿ ಇಂಥ ದಂಪತಿಗಳು ವಾದದಲ್ಲಿ ತೊಡಗಿರುವುದನ್ನು ಕಂಡರೆ ನ್ಯಾಯ ಹೇಳಲು ಹೋಗಬೇಡಿರಿ. ಇಬ್ಬರನ್ನೂ ಕೂಡಿಸಿ, ಕಂಡದ್ದನ್ನು ಬರೆಸಿ, ಪರೀಕ್ಷೆಯ ದಿನ ಜೊತೆಗೆ ಬಸ್ಸು ಹತ್ತಿರಿ. ಹಿರಿಯ ಅಜ್ಜಿಯರಿಗೆ ಒಂದು ಮಾತು: ‘ನಮ್ಮ ವಂಶದಲ್ಲಿ ಮಾತು ತಡ’ ಎಂಬುದು ನಿಜವಿರಬಹುದು, ಆದರೆ ಪರೀಕ್ಷೆಗೆ ಅದು ಅಡ್ಡಿಯಾಗಬೇಕಾಗಿಲ್ಲ. ಬಜೆಯನ್ನು ತೇಯುವ ಕೈಯೇ ಸೊಸೆಯ ಬೆನ್ನಮೇಲೂ ಇರಲಿ.

ಕೊನೆಯದಾಗಿ ದಾಸೋಹಕ್ಕೆ ಬರುವ ಸರ್ವರಿಗೂ. ಪಂಕ್ತಿಯಲ್ಲಿ ಕುಳಿತಾಗ ಯಾವುದಾದರೂ ಕೂಸು ಎದ್ದು ಓಡಿದರೆ, ಜಾಂಜಿನ ಸದ್ದಿಗೆ ಕಿವಿ ಮುಚ್ಚಿಕೊಂಡು ಚೀರಿದರೆ, ‘ಮಗಗ ಬುದ್ಧಿ ಕಲಿಸಿಲ್ಲೇನವ್ವಾ’ ಎಂದು ತಾಯಿಯನ್ನು ಕೇಳಬೇಡಿರಿ. ದಾಸೋಹ ಭವನದ ಉತ್ತರದ ಕೋಣೆಯನ್ನು ಈ ಜಾತ್ರೆಯಿಂದ ಇಂಥ ಕುಟುಂಬಗಳಿಗಾಗಿ ಸದ್ದಿಲ್ಲದೆ ಇಡಲು ಹೇಳಿದ್ದೇವೆ. ಅವರಿಗೆ ಆ ಕೋಣೆಯ ದಾರಿ ತೋರಿಸಿ, ಎರಡು ಎಲೆ ಅಲ್ಲಿಗೇ ಮುಟ್ಟಿಸಿರಿ. ತಂದೆತಾಯಿಗಳು ಸ್ವಸ್ಥವಾಗಿ ಕುಳಿತು ಉಣ್ಣಲಿ.